ಅಕ್ಕನಿಗೆ ಕೊಟ್ಟ ನಿದ್ದೆಯ ಮಾತ್ರೆ

ಹೆಂಗಸರು ಡಾಕ್ಟರ ಎದುರು ಬಾಯಿಬಿಡದ ಸಂಗತಿಗಳನ್ನು ಟೈಲರ ಎದುರು ಹೇಳುತ್ತಾರೆ ಎಂದು ನಾನು ಮೂವತ್ತು ವರ್ಷ ಜಂಬ ಕೊಚ್ಚಿಕೊಂಡಿದ್ದೆ. ಪುತ್ತೂರು ಪೇಟೆಯಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ. ಒಂದು ಕೋಣೆ, ಎರಡು ಮೆಷಿನ್, ಅಳತೆ ತೆಗೆಯಲು ಪರದೆ ಕಟ್ಟಿದ ಒಂದು ಮೂಲೆ. ಪರದೆಯ ಒಳಗೆ ಬಂದವಳು ಕೈ ಎತ್ತಿ ನಿಂತಳೆಂದರೆ ಅರ್ಧ ಸಂಸಾರ ಹೊರಗೆ ಬೀಳುತ್ತದೆ. ಯಾರಿಗೆ ಮುಟ್ಟು ನಿಂತಿದೆ, ಯಾರಿಗೆ ಥೈರಾಯ್ಡ್ ಮಾತ್ರೆ ಶುರುವಾಗಿದೆ, ಯಾರು ಬೇಜಾರಿನಲ್ಲಿ ಊಟ ಬಿಟ್ಟಿದ್ದಾರೆ, ಎಲ್ಲ ನನಗೆ ಟೇಪಿನಲ್ಲೇ ಗೊತ್ತಾಗುತ್ತದೆ. ಗೊತ್ತಾಗುತ್ತದೆ ಎಂದುಕೊಂಡಿದ್ದೆ ಎಂದು ಬರೆಯುವುದೇ ಸರಿ.

ನನಗೆ ಐವತ್ತೊಂದಾದ ವರ್ಷ ನಿದ್ದೆ ಕೈಕೊಟ್ಟಿತು. ಮುಟ್ಟು ನಿಲ್ಲುವ ಹೊತ್ತಿಗೆ ಹೀಗಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರಿಗೇನು, ಅವರು ಮಲಗಿ ನಿದ್ದೆ ಮಾಡುತ್ತಾರೆ. ನನಗೆ ಮಲಗಿದಲ್ಲಿ ಮೈ ಕಾದ ಕಾವಲಿಯಾಗುತ್ತಿತ್ತು. ಹೊದಿಕೆ ಒದ್ದರೆ ಚಳಿ. ಹಗಲು ಕತ್ತರಿ ಹಿಡಿದರೆ ಕಣ್ಣು ಎಳೆಯುತ್ತಿತ್ತು. ಒಂದು ದಿನ ಮದುಮಗಳೊಬ್ಬಳ ರೇಷ್ಮೆ ಬ್ಲೌಸಿನ ಎರಡು ತೋಳನ್ನೂ ಬಲಗೈಗೇ ಆಗುವಂತೆ ಕತ್ತರಿಸಿಟ್ಟೆ. ಇಷ್ಟು ವರ್ಷದಲ್ಲಿ ಅಂಥ ತಪ್ಪು ಮಾಡಿದವಳಲ್ಲ. ಕತ್ತರಿಸಿದ ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಳುತ್ತಾ ಕೂತಿದ್ದಾಗ ಕಬಕದ ನನ್ನ ಹಳೆಯ ಗಿರಾಕಿಯೊಬ್ಬರು ಒಳಗೆ ಬಂದರು.

ಅವರು ಬ್ಯಾರಿ ಮನೆತನದವರು, ಗಂಡ ದುಬೈಯಲ್ಲಿ. ಅವರ ಹೆಣ್ಣುಮಕ್ಕಳಿಬ್ಬರ ಮದುವೆಗೂ ಬಟ್ಟೆ ಹೊಲಿದುಕೊಟ್ಟವಳು ನಾನೇ. ಗಲ್ಫಿನಿಂದ ಊರಿಗೆ ಬರುವವರ ಪೆಟ್ಟಿಗೆಯಲ್ಲಿ ನೆರೆಕರೆಗೆಲ್ಲ ಒಂದೊಂದು ಪಾಲಿರುತ್ತದೆ ನಮ್ಮಲ್ಲಿ. ಸಾಬೂನು, ಸೆಂಟು, ಮಂಡಿನೋವಿಗೆ ಹಚ್ಚುವ ಎಣ್ಣೆ. ಮುಂದಿನ ವಾರ ಅವರು ಅಂಥ ಪಾಲೊಂದನ್ನು ನನಗೂ ತಂದರು. ಬಿಳಿ ಡಬ್ಬಿ, ನೇರಳೆ ಮುಚ್ಚಳ.

"ಅಕ್ಕ, ಇದು ಮೆಲಟೋನಿನ್ ಅಂತ. ಅಲ್ಲಿ ಅಂಗಡಿಯಲ್ಲೇ ಸಿಗ್ತದಂತೆ. ಮಲಗುವ ಮೊದಲು ಒಂದು. ಒಂದೇ, ಆಯ್ತಾ? ಬೇರೆ ಮಾತ್ರೆ ಎಂತಾದ್ರೂ ತಗೊಳ್ತಾ ಇದ್ರೆ ಡಾಕ್ಟರ ಹತ್ರ ಕೇಳಿಯೇ ತಗೊಳ್ಳಿ."

ನಾನು ಯಾರನ್ನೂ ಕೇಳಲಿಲ್ಲ. ತಗೊಂಡೆ. ನಾಲ್ಕೈದು ದಿನದಲ್ಲಿ ನಿದ್ದೆ ಬಂತು. ಮಾತ್ರೆಯಿಂದ ಬಂತೋ, ಬರಬೇಕಾದದ್ದೇ ಬಂತೋ, ಅದು ಈಗಲೂ ಗೊತ್ತಿಲ್ಲ. ಆದರೆ ಆಗ ನನಗೆ ಆ ಡಬ್ಬಿ ದೇವರಾಯಿತು.

ಇಷ್ಟಕ್ಕೇ ನಿಂತಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ. ನಮ್ಮ ಹೈಸ್ಕೂಲಿನ ಗೆಳತಿಯರದ್ದೊಂದು ವಾಟ್ಸಾಪ್ ಗುಂಪು ಉಂಟು. ಮೆಲಟೋನಿನ್ ಎಂದು ನಾನು ಅಲ್ಲಿ ಹೊಗಳಿದ್ದೇ ತಡ, ಒಬ್ಬಳು ವೀಡಿಯೋ ಕಳಿಸಿದಳು. ಬಿಳಿ ಕೋಟು ಹಾಕಿದ ಗಂಡಸೊಬ್ಬ ಮಾತಾಡುತ್ತಿದ್ದ. ಇದು ಕತ್ತಲಾದ ಮೇಲೆ ನಮ್ಮ ಮೆದುಳು ತಾನೇ ತಯಾರಿಸುವ ಹಾರ್ಮೋನು. ರಾತ್ರಿ ಕಣ್ಣಿಗೆ ಬೆಳಕು ಬಿದ್ದರೆ ಕಡಿಮೆಯಾಗುತ್ತದೆ. ರಾತ್ರಿ ಪಾಳಿಯಲ್ಲಿ ದುಡಿಯುವ ಹೆಂಗಸರಿಗೆ ಸ್ತನದ ಕ್ಯಾನ್ಸರಿನ ಭಯ ಹೆಚ್ಚು. ಆದ್ದರಿಂದ ದಿನಾ ಈ ಮಾತ್ರೆ ತಗೊಂಡ ಹೆಂಗಸಿನ ಹತ್ತಿರ ಕ್ಯಾನ್ಸರ್ ಸುಳಿಯುವುದಿಲ್ಲ. ಕೊನೆಯ ಆ 'ಆದ್ದರಿಂದ' ಎಷ್ಟು ದೊಡ್ಡ ಜಿಗಿತ ಎಂದು ನನಗೆ ಹೊಳೆಯಲಿಲ್ಲ. ಬಟ್ಟೆಯಲ್ಲಿ ಕಾಲು ಇಂಚು ಹೆಚ್ಚುಕಡಿಮೆಯಾದರೆ ದೂರದಿಂದಲೇ ಹಿಡಿಯುವ ನನ್ನ ಕಣ್ಣು ಅಲ್ಲಿ ಪೂರ್ತಿ ಕುರುಡು.

ಆ ವೀಡಿಯೋವನ್ನು ನಾನು ಕಳಿಸಿದವರಲ್ಲಿ ಮೊದಲನೆಯವಳು ನನ್ನ ಅಕ್ಕ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಗುತ್ತಿಗಾರಿನ ಹತ್ತಿರ ಕಾಡಿನ ಅಂಚಿಗೆ ಅವಳ ಮನೆ, ಮನೆಯ ಹಿಂದೆ ರಬ್ಬರ್. ಮದುವೆಯಾಗಿ ಹೋದ ಕೆಲವೇ ವರ್ಷಕ್ಕೆ ಮರಕ್ಕೆ ಗೀರು ಹಾಕಿ ಹಾಲು ಇಳಿಸುವ ಟ್ಯಾಪಿಂಗ್ ಕಲಿತಳು. ಇಪ್ಪತ್ತಮೂರು ವರ್ಷ, ಮಳೆಗಾಲದ ಕೆಲವು ವಾರ ಬಿಟ್ಟರೆ, ಬೆಳಕು ಹರಿಯುವ ಎಷ್ಟೋ ಮೊದಲೇ ಹಣೆಗೆ ಟಾರ್ಚ್ ಕಟ್ಟಿಕೊಂಡು ಮರದಿಂದ ಮರಕ್ಕೆ ಹೋದವಳು. ಬಿಸಿಲೇರಿದರೆ ಹಾಲು ಇಳಿಯುವುದು ಕಡಿಮೆಯಾಗುತ್ತದೆ, ಹಾಗಾಗಿ ಕತ್ತಲಲ್ಲೇ ಕೆಲಸ. ಅದು ಸಾಲದು ಎಂದು ಆನೆಯ ಉಪದ್ರಕ್ಕೆ ಅವರ ಅಂಗಳದಲ್ಲಿ ದೊಡ್ಡ ಬಲ್ಬೊಂದು ರಾತ್ರಿಯಿಡೀ ಉರಿಯುತ್ತದೆ. ಅದರ ಬೆಳಕು ನೇರ ಅವಳು ಮಲಗುವ ಕೋಣೆಗೆ.

ಆಷಾಢದ ಮಳೆಯ ಆಟಿ ತಿಂಗಳಲ್ಲಿ ಅವಳು ಪುತ್ತೂರಿಗೆ ಬಂದಾಗ ಕಬಕದವರು ನನಗೆ ಆಮೇಲೆ ಕೊಟ್ಟ ಎರಡನೆಯ ಡಬ್ಬಿಯನ್ನು ಅವಳ ಕೈಗೆ ಇಟ್ಟೆ. ನಾವು ಅಕ್ಕ ತಂಗಿ ಮಾತಾಡುವುದು ಅರೆಭಾಷೆಯಲ್ಲಿ. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಪೇಟೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳು ಡಬ್ಬಿಯನ್ನು ತಿರುಗಿಸಿ ನೋಡಿ ಕೇಳಿದಳು.

"ಹಣೆಗೆ ಕಟ್ಟುವ ಲೈಟೂ ಲೆಕ್ಕಕ್ಕೆ ಬರ್ತದಾ?"

"ಬಾರದೆ? ಅದು ಕಣ್ಣಿನ ಮೇಲೆಯೇ ಅಲ್ವಾ ಇರುದು! ಪಾಳಿಯವರಿಗಿಂತ ನಿನಗೇ ಹೆಚ್ಚು ಬೇಕು ಇದು," ಎಂದೆ ನಾನು. ಯಾವ ಡಾಕ್ಟರೂ ಅಷ್ಟು ಧೈರ್ಯದಲ್ಲಿ ಹೇಳಲಿಕ್ಕಿಲ್ಲ.

ಅಕ್ಕ ಎಂತ ಮಾಡಿದರೂ ಅರ್ಧ ಮಾಡುವವಳಲ್ಲ. ತಾನು ಬಿಟ್ಟು, ಟ್ಯಾಪಿಂಗಿಗೆ ಕೂಲಿಯ ಜನ ಮಾಡಿದಳು. ಅಂಗಳದ ಬಲ್ಬನ್ನು ಮಲಗುವಾಗ ಆರಿಸಲು ಶುರುಮಾಡಿದಳು. ಕೋಣೆಯ ಕಿಟಕಿಗೆ ಕಪ್ಪು ಟಾರ್ಪಾಲು ಕಟ್ಟಿದಳು. ಇಪ್ಪತ್ತಮೂರು ವರ್ಷ ಬೆಳಕು ತಿಂದುಹಾಕಿದ್ದನ್ನು ಕತ್ತಲೆಯಿಂದಲೂ ಮಾತ್ರೆಯಿಂದಲೂ ವಾಪಸು ತುಂಬಿಸಿಕೊಳ್ಳಬೇಕು ಎಂಬುದು ಅವಳ ತರ್ಕ. ಭಾವ ನನಗೆ ಫೋನ್ ಮಾಡಿ ಬೈದರು.

"ನಿನ್ನ ಅಕ್ಕನಿಗೆ ಎಂತ ಕಲಿಸಿದ್ದು ಮಾರಾಯ್ತಿ? ಆನೆ ಇಳಿಯುವ ಸಮಯಕ್ಕೆ ಲೈಟ್ ಆರಿಸ್ತಾಳೆ. ಕೇಳಿದ್ರೆ ಕತ್ತಲೆ ಬೇಕಂತೆ!"

ಆನೆ ಬಂದದ್ದೂ ಹೌದು, ಹಿತ್ತಿಲಿನ ಬಾಳೆ ಮುಗಿಸಿ ಹೋದದ್ದೂ ಹೌದು. ನಾನು ಅದನ್ನು ಅಂಗಡಿಯಲ್ಲಿ ಬಂದವರಿಗೆಲ್ಲ ಬಣ್ಣ ಕಟ್ಟಿ ಹೇಳಿ ನಗಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಒಬ್ಬಳು ಹೆಂಗಸು ಅಷ್ಟು ಹಟ ಹಿಡಿದು ಕತ್ತಲೆ ಮಾಡಿಕೊಳ್ಳುತ್ತಾಳೆಂದರೆ ಅವಳಿಗೆ ಎಂಥದೋ ಹೆದರಿಕೆ ಹೊಕ್ಕಿದೆ ಎಂದು ತಂಗಿಯಾದವಳಿಗೆ ಅನ್ನಿಸಬೇಕಿತ್ತು.

ಚೌತಿಗೆ ಎರಡು ದಿನ ಇರುವಾಗ ಅವಳು ಒಂದು ಬ್ಲೌಸ್ ಹಿಡಿದುಕೊಂಡು ಅಂಗಡಿಗೆ ಬಂದಳು. ಎಡಗಡೆ ಕಂಕುಳ ಹತ್ತಿರ ಹಿಡಿಯುತ್ತದೆ, ಸ್ವಲ್ಪ ಸಡಿಲ ಮಾಡಿಕೊಡು ಎಂದಳು. ನಾನು ಹೊಲಿಯುವ ಬ್ಲೌಸಿನಲ್ಲಿ ಒಳಗೆ ಒಂದಿಂಚು ಬಟ್ಟೆ ಬಿಟ್ಟೇ ಇರುತ್ತೇನೆ, ಮೈ ಬಂದರೆ ಬಿಚ್ಚಿಕೊಳ್ಳಲಿ ಎಂದು. ಅವಳು ಎದುರಿನ ಸ್ಟೂಲಿನಲ್ಲಿ ಕೂತಂತೆಯೇ ಹೊಲಿಗೆ ಬಿಚ್ಚಿ, ಹೊಸ ಹೊಲಿಗೆ ಹಾಕಿ ಕೊಟ್ಟೆ. ಹತ್ತು ನಿಮಿಷದ ಕೆಲಸ. ಟ್ಯಾಪಿಂಗಿನವರಿಗೆ ಒಂದು ಕೈ ದಪ್ಪವಾಗುವುದು ಸಹಜ ಎಂದು ಅವಳಿಗೆ ವಿವರಣೆಯನ್ನೂ ಕೊಟ್ಟೆ. ಅವಳು ಹೋಗುವ ಗಡಿಬಿಡಿ ತೋರಿಸಲಿಲ್ಲ. ಚಾ ಕುಡಿದಳು, ಇನ್ನೂ ಸ್ವಲ್ಪ ಹೊತ್ತು ಕೂತಳು, ಆಮೇಲೆ ಎದ್ದು ಬಸ್ಸಿಗೆ ಹೋದಳು.

ದೀಪಾವಳಿ ಕಳೆದ ಮೇಲೆ ಮತ್ತೆ ಬಂದಳು. ಅದೇ ಬ್ಲೌಸು, ಅದೇ ಬದಿ. ಉಳಿದಿದ್ದ ಅರ್ಧ ಇಂಚನ್ನೂ ಬಿಟ್ಟುಕೊಟ್ಟೆ. "ಇನ್ನು ಬಟ್ಟೆ ಇಲ್ಲ, ತಿನ್ನುದು ಕಮ್ಮಿ ಮಾಡು," ಎಂದು ತಮಾಷೆ ಮಾಡಿದೆ. ಅವಳು ನಕ್ಕಳು. ಇನ್ನೊಂದು ಡಬ್ಬಿ ಕೇಳಿದಳು. ಕಬಕದವರಲ್ಲಿ ಹೇಳಿ ಅದನ್ನೂ ತರಿಸಿಕೊಟ್ಟೆ. "ಇಷ್ಟು ಬೇಗ ಮುಗೀತಾ ಅಕ್ಕ?" ಎಂದು ಅವರು ಹುಬ್ಬು ಗಂಟು ಹಾಕಿದ್ದರು. ದಿನಕ್ಕೆ ಒಂದರಂತೆ ತಗೊಂಡರೆ ಮುಗಿಯಬಾರದು ಎಂಬ ಸರಳ ಲೆಕ್ಕ ಅವರಿಗೆ ಗೊತ್ತಾಯಿತು, ನನಗೆ ಆಗಲಿಲ್ಲ.

ಇನ್ನೊಂದು ಲೆಕ್ಕವೂ ತಪ್ಪಿತ್ತು. ಅಕ್ಕ ಟ್ಯಾಪಿಂಗ್ ಬಿಟ್ಟು ಆಗಲೇ ಮೂರು ತಿಂಗಳಾಗಿತ್ತು. ಅವಳು ಕತ್ತಿ ಹಿಡಿಯುತ್ತಿದ್ದದ್ದು ಬಲಗೈಯಲ್ಲಿ. ನಾನು ಸಡಿಲ ಮಾಡಿದ್ದು ಎಡಬದಿ.

ಮಾರ್ಚಿನಲ್ಲಿ ಅಕ್ಕನ ಮಗಳ ಮದುವೆ. ಹುಡುಗ ಕಡಬದ ಕಡೆಯವನು, ಒಳ್ಳೆಯ ಮನೆ, ಮಾತುಕತೆ ಶುರುವಾದದ್ದು ಚೌತಿಯ ಮೊದಲೇ. ಮದುವೆಗೆ ಹದಿನೈದು ದಿನ ಇರುವಾಗ ಅಕ್ಕ ತನ್ನ ರೇಷ್ಮೆ ಬಟ್ಟೆ ತಂದಳು. ಹಳೆಯ ಅಳತೆಯಲ್ಲೇ ಹೊಲಿ ಎಂದಳು. ನಾನು ಒಪ್ಪಲಿಲ್ಲ. ಮದುಮಗಳ ಅಮ್ಮನ ಬ್ಲೌಸು ಫೋಟೋದಲ್ಲಿ ನೆರಿಗೆ ಬಿದ್ದರೆ ಮಾನ ಹೋಗುವುದು ನನ್ನದು. ಕೈ ಹಿಡಿದು ಪರದೆಯ ಒಳಗೆ ಎಳೆದುಕೊಂಡು ಹೋದೆ. ಅವಳು ಸೆರಗು ಬಿಗಿಯಾಗಿ ಹಿಡಿದುಕೊಂಡಳು. "ಎಂತ ನಾಚಿಕೆ ನಿನಗೆ, ನನ್ನನ್ನು ಮೀಯಿಸಿದವಳು ನೀನು," ಎಂದು ಕೈ ಎತ್ತಿಸಿ ಟೇಪು ಸುತ್ತಿದೆ.

ಎಡ ಎದೆಯ ಕಂಕುಳ ಬದಿಯಲ್ಲಿ ನನ್ನ ಬೆರಳಿಗೆ ಗಟ್ಟಿಯಾದದ್ದೇನೋ ತಾಗಿತು. ಮೈಯಂತೆ ಇರಲಿಲ್ಲ ಅದು. ಒತ್ತಿದರೆ ಜಾರುತ್ತಿರಲಿಲ್ಲ, ಇದ್ದಲ್ಲೇ ಇತ್ತು. ಒಂದು ಅಡಿಕೆಯಷ್ಟು ದೊಡ್ಡದು, ಬ್ಲೌಸು ಸರಿಸಿ ನೋಡಿದರೆ ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಿತ್ತು. ಟೇಪು ಕೈಯಿಂದ ಬಿತ್ತು.

"ಯಾವಾಗಿಂದ?" ಎಂದೆ.

"ಮದುವೆ ಮುಗಿಲಿ," ಎಂದಳು ಅಕ್ಕ.

"ಯಾವಾಗಿಂದ ಅಂತ ಕೇಳಿದ್ದು."

"ಹುಡುಗನ ಕಡೆಯವರಿಗೆ ಗೊತ್ತಾದ್ರೆ ಹುಡುಗಿಯನ್ನು ಬಿಡ್ತಾರೆ. ತಾಯಿಗೆ ಉಂಟು, ಮಗಳಿಗೂ ಬರ್ತದೆ ಅಂತ ಹೇಳ್ತಾರೆ. ಹದಿನೈದು ದಿನ ಅಲ್ವಾ. ನಾನು ಮಾತ್ರೆ ತಗೊಳ್ತಾ ಇದ್ದೇನೆ. ದಿನಕ್ಕೆ ಮೂರು."

ಮೂರು ಎಂಬುದನ್ನು ಅವಳು ಹೇಳಿದ್ದು ಪಾಠ ಒಪ್ಪಿಸುವ ಮಗುವಿನಂತೆ, ಮೆಚ್ಚಿಕೊಳ್ಳಲಿ ಎಂದು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಕೇಳಬೇಡಿ. ಹದಿನೈದು ದಿನವಲ್ಲ, ಹದಿನೈದು ನಿಮಿಷವೂ ಇಲ್ಲ ಎಂದು ಗದರಿಸಿ, ಅಂಗಡಿ ಮುಚ್ಚಿ, ಆಗಲೇ ರಿಕ್ಷಾ ಹತ್ತಿಸಿದೆ. ಪುತ್ತೂರಿನ ಲೇಡಿ ಡಾಕ್ಟರು ಮುಟ್ಟಿ ನೋಡಿದವರೇ ಮರುದಿನಕ್ಕೆ ಮಂಗಳೂರಿಗೆ ಚೀಟಿ ಬರೆದರು. ಅಲ್ಲಿ ಸೂಜಿ ಹಾಕಿ ಗಂಟಿನ ಚೂರು ಪರೀಕ್ಷೆಗೆ ತೆಗೆದರು. ವಾರದಲ್ಲಿ ರಿಪೋರ್ಟ್ ಬಂತು. ಕ್ಯಾನ್ಸರ್ ಹೌದು, ಕಂಕುಳ ಗಂಟಿಗೂ ಹೋಗಿತ್ತು.

ರಿಪೋರ್ಟ್ ಓದಿ ಹೇಳಿದ ಡಾಕ್ಟರು ಚಿಕ್ಕ ಪ್ರಾಯದವರು. ಅವರು ಮಾತು ಮುಗಿಸುವಷ್ಟರಲ್ಲಿ ಅಕ್ಕ ತನ್ನ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟಳು.

"ಇದು ಸಾಕಾಗ್ಲಿಲ್ವಾ ಡಾಕ್ಟ್ರೆ? ಇನ್ನೂ ಹೆಚ್ಚು ತಗೊಳ್ಬೇಕಿತ್ತಾ?"

ಡಾಕ್ಟರು ನಗಲಿಲ್ಲ, ಬೈಯಲಿಲ್ಲ. ಅದಕ್ಕೆ ನಾನು ಅವರಿಗೆ ಇಂದಿಗೂ ಋಣಿ. ಡಬ್ಬಿಯ ಮೇಲಿನದ್ದನ್ನು ಓದಿದರು.

"ನೀವು ಕೇಳಿದ್ದು ಪೂರ್ತಿ ಸುಳ್ಳಲ್ಲ ಅಮ್ಮ. ಈ ಹಾರ್ಮೋನಿಗೂ ಸ್ತನದ ಕ್ಯಾನ್ಸರಿಗೂ ಎಂತ ಸಂಬಂಧ ಅಂತ ಹುಡುಕ್ತಾ ಇದ್ದಾರೆ. ಲ್ಯಾಬಿನಲ್ಲಿ ಆಸೆ ಹುಟ್ಟಿಸುವಂಥದ್ದು ಕೆಲವು ಕಂಡಿದ್ದಾರೆ. ರಾತ್ರಿ ಪಾಳಿಯ ಬಗ್ಗೆಯೂ ಅನುಮಾನ ಉಂಟು. ಆದ್ರೆ ಈ ಮಾತ್ರೆ ತಗೊಂಡವರಿಗೆ ಕ್ಯಾನ್ಸರ್ ಬರುದಿಲ್ಲ ಅಂತ ಇಷ್ಟರವರೆಗೆ ಯಾರೂ ತೋರಿಸಿಕೊಟ್ಟಿಲ್ಲ. ಬಂದ ಗಂಟನ್ನು ಇದು ಕರಗಿಸ್ತದೆ ಅಂತಲೂ ಇಲ್ಲ. ಇನ್ನು ಚಿಕಿತ್ಸೆ ಶುರುವಾಗ್ತದೆ, ಇದನ್ನು ನಮ್ಮನ್ನು ಕೇಳದೆ ತಗೊಳ್ಬೇಡಿ."

"ಹಾಗಾದ್ರೆ ನಾನು ಲೈಟ್ ಆರಿಸಿದ್ದು?"

"ನಿದ್ದೆ ಚೆನ್ನಾಗಿ ಬಂತಲ್ಲ? ಅದು ಒಳ್ಳೆಯದೇ ಆಯ್ತು."

ಅಕ್ಕ ತಲೆಯಾಡಿಸಿದಳು. ಅವಳ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ಒಂದು ಪೆಚ್ಚುತನ ಇತ್ತು. ಏಳು ತಿಂಗಳು ಮನಸ್ಸಿಟ್ಟು ಮಾಡಿದ ಕೆಲಸವನ್ನು ಯಾರೋ ಬದಿಗೆ ಸರಿಸಿದ ಹಾಗೆ. ಅದನ್ನು ನೋಡಲಾರದೆ ನಾನು ಹೊರಗೆ ಬಂದೆ. ಡಾಕ್ಟರು ಹಿಂದಿನಿಂದ ಬಂದಾಗ ಕೇಳಿಯೇಬಿಟ್ಟೆ, ಚೌತಿಯ ಸಮಯದಲ್ಲಿ ಬಂದಿದ್ದರೆ ಎಂತಾಗುತ್ತಿತ್ತು ಎಂದು.

"ಸಣ್ಣದಿರುವಾಗ ಬಂದಿದ್ರೆ ಚಿಕಿತ್ಸೆಯೂ ಸಣ್ಣದಾಗ್ತಿತ್ತು. ಈಗ ದೊಡ್ಡದು. ಆದ್ರೆ ಕೈಮೀರಿಲ್ಲ," ಎಂದರು. ಆಮೇಲೆ ನನ್ನನ್ನು ನೋಡಿ, "ನೀವು ಒಡಹುಟ್ಟಿದವರಲ್ವಾ? ಪ್ರಾಯವೂ ಆಯ್ತು. ನೀವೂ ಒಮ್ಮೆ ಮ್ಯಾಮೊಗ್ರಾಮ್ ಮಾಡಿಸಿಕೊಳ್ಳಿ," ಎಂದರು. ಆಗಲಿ ಎಂದೆ.

ಮದುವೆ ನಡೆಯಿತು. ಕಡಬದವರಿಗೆ ವಿಷಯ ಹೇಳಿದ್ದು ಭಾವನೇ, ಅಕ್ಕನಿಗೆ ಗೊತ್ತಿಲ್ಲದಂತೆ. ಹುಡುಗನ ತಾಯಿ, "ಮೊದಲೇ ಹೇಳ್ಬಾರದಿತ್ತಾ, ಪಾಪ ಎಷ್ಟು ಸಂಕಟ ನುಂಗಿದ್ರು," ಎಂದರಂತೆ. ಬಿಡುತ್ತಾರೆ ಎಂದು ಅಕ್ಕ ಏಳು ತಿಂಗಳು ಹೆದರಿದ ಮನೆ ಅದು. ಮದುವೆಯ ಮುಂದಿನ ವಾರ ಆಪರೇಷನ್. ಎಡಗಡೆಯದ್ದನ್ನು ಪೂರ್ತಿ ತೆಗೆದರು.

ಕೀಮೋ ಕೊಡಿಸಲು ಹೋಗುತ್ತಿದ್ದವಳು ನಾನೇ. ಮೂರನೆಯದ್ದೋ ನಾಲ್ಕನೆಯದ್ದೋ ಸಲ, ಮಧ್ಯಾಹ್ನ, ಹನಿ ಹನಿಯಾಗಿ ಮದ್ದು ಇಳಿಯುತ್ತಿತ್ತು. ಅವಳ ಕೂದಲು ಹೋಗಿತ್ತು. ಹುಬ್ಬೂ ಹೋಗಿ ಮುಖ ಬೇರೆ ಯಾರದ್ದೋ ಆಗಿತ್ತು. ನನಗೆ ತಡೆಯಲಾಗಲಿಲ್ಲ. ಆ ವೀಡಿಯೋ ಕಳಿಸಿದ್ದು ನಾನು, ಡಬ್ಬಿ ಕೊಟ್ಟದ್ದು ನಾನು, ನಿನ್ನನ್ನು ಹೀಗೆ ಮಾಡಿದ್ದು ನಾನು ಎಂದು ಅತ್ತೆ. ಬೈಯಲಿ ಎಂದು ಕಾದೆ.

"ಡಬ್ಬಿಗೆ ಯಾಕೆ ಅಳುದು," ಎಂದಳು ಅಕ್ಕ. "ಆಟಿ ಮುಗಿಯುವಾಗ ಮೀಯುವಲ್ಲಿ ಕೈಗೆ ಸಿಕ್ಕಿತು. ಕಡಲೆಯಷ್ಟು. ಮಾತ್ರೆ ಉಂಟಲ್ಲ, ಹೋದೀತು ಅಂತ ಒಂದು ಮನಸ್ಸು. ಅಲ್ಲ, ತೋರಿಸ್ಬೇಕು ಅಂತ ಒಂದು ಮನಸ್ಸು. ಬಾಯಿಬಿಟ್ಟು ಹೇಳ್ಲಿಕ್ಕೆ ಆಗ್ಲಿಲ್ಲ. ಹಾಗೆ ಬ್ಲೌಸ್ ಹಿಡ್ಕೊಂಡು ಬಂದೆ. ಆ ಬ್ಲೌಸ್ ಅಷ್ಟೇನೂ ಹಿಡೀತಿರ್ಲಿಲ್ಲ. ನೀನು ಟೈಲರ್ ಅಲ್ವಾ, ಯಾಕೆ ಒಂದೇ ಬದಿ ಅಂತ ಕೇಳ್ತಿ, ಕೇಳಿದ್ರೆ ಹೇಳುದು ಅಂತ ಕೂತಿದ್ದೆ. ದೀಪಾವಳಿಗೂ ಅದಕ್ಕೇ ಬಂದದ್ದು."

ಅವಳು ಹೇಳಿದ್ದು ಇಷ್ಟೇ. ಆರೋಪದ ದನಿ ಇರಲಿಲ್ಲ. ಆಮೇಲೆ ನೀರು ಕೇಳಿದಳು, ಕುಡಿಸಿದೆ.

ಡಬ್ಬಿಯ ತಪ್ಪನ್ನು ನಾನು ಹೇಗೋ ಹೊತ್ತುಕೊಂಡಿದ್ದೆ. ಅದು ದೂರದ ಊರಿನಿಂದ ಬಂದದ್ದು, ನನಗೆ ತಿಳಿಯದ ವಿದ್ಯೆ. ಆದರೆ ಹೊಲಿಗೆ ನನ್ನ ವಿದ್ಯೆ. ಎರಡು ಸಲ ಅವಳು ಎದುರು ಕೂತಿದ್ದಳು, ಎರಡು ಸಲವೂ ನಾನು ಚೊಕ್ಕವಾಗಿ ಹೊಲಿದು ಕೊಟ್ಟು ಕಳಿಸಿದ್ದೆ. ಆ ವಾರವಿಡೀ ಮೆಷಿನ್ ತುಳಿಯಲು ಕಾಲು ಬರಲಿಲ್ಲ.

ಮಾತ್ರೆಯ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಡಾಕ್ಟರನ್ನು ಕೇಳಿದೆ. ನಿದ್ದೆಗೆ ಸ್ವಲ್ಪ ದಿನ ತಗೊಂಡದ್ದರಿಂದ ನಷ್ಟವಿಲ್ಲ, ಇನ್ನು ಬೇಡ ಎಂದರು. ಮುಂದೊಂದು ದಿನ ಅದರಿಂದ ಹೆಂಗಸರಿಗೆ ನಿಜವಾದ ಉಪಯೋಗ ಉಂಟೆಂದು ಗೊತ್ತಾದರೆ ನನಗಿಂತ ಹೆಚ್ಚು ಸಂತೋಷಪಡುವವರಿಲ್ಲ. ಸದ್ಯಕ್ಕೆ ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ ಎನ್ನುತ್ತೇನೆ. ಕಬಕದವರು ವಿಷಯ ಕೇಳಿ ಓಡಿ ಬಂದು, ತನ್ನಿಂದಾಯಿತೇ ಎಂದು ಕಣ್ಣೀರು ಹಾಕಿದರು. ನೀವು ಒಂದೇ ಎಂದು ಹೇಳಿದ್ದಿರಿ, ಡಾಕ್ಟರನ್ನು ಕೇಳಿ ಎಂದೂ ಹೇಳಿದ್ದಿರಿ, ಕೇಳದ್ದು ನಾನು ಎಂದೆ.

ಮಂಗಳೂರಿನ ಡಾಕ್ಟರು ನನಗೆ ಹೇಳಿದ ಪರೀಕ್ಷೆಗೆ ಮಾತ್ರ ನಾನು ಹೋಗಲಿಲ್ಲ. ಮೊದಲು ಅಕ್ಕನ ಕೀಮೋ ಎಂದೆ. ಆಮೇಲೆ ಅವಳ ರೇಡಿಯೇಷನ್. ಆಮೇಲೆ ನವರಾತ್ರಿಯ ಹೊಲಿಗೆ. ಮೀಯುವಾಗ ಕೈ ಅತ್ತ ಹೋಗದ ಹಾಗೆ ಗಡಿಬಿಡಿಯಲ್ಲಿ ಮಿಂದು ಬರುತ್ತಿದ್ದೆ.

ಕಳೆದ ತಿಂಗಳು ಒಂದು ಬೆಳಗ್ಗೆ ಅಂಗಡಿಯ ಬಾಗಿಲು ತೆರೆದು ಮೆಷಿನಿಗೆ ಎಣ್ಣೆ ಬಿಡುತ್ತಿದ್ದೆ. ಅಕ್ಕ ಮೆಟ್ಟಿಲು ಹತ್ತಿ ಬಂದಳು. ಗುತ್ತಿಗಾರಿನಿಂದ ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು, ಆಪರೇಷನ್ ಆದ ಮೇಲೆ ಮೊದಲ ಸಲ. ತಲೆಯಲ್ಲಿ ಬೆರಳುದ್ದ ಕೂದಲು ಬಂದಿತ್ತು, ಮೊದಲಿಗಿಂತ ಗುಂಗುರು. ಏದುಸಿರು ಬಿಡುತ್ತಾ ಬಾಗಿಲಲ್ಲೇ ನಿಂತಳು. ಕೂತುಕೋ ಎಂದರೆ ಕೂತುಕೊಳ್ಳಲಿಲ್ಲ.

"ಡಾಕ್ಟ್ರು ಹೇಳಿದ ಪರೀಕ್ಷೆ ಮಾಡಿಸಿದ್ಯಾ?" ಎಂದಳು.

"ಈ ಮದುವೆ ಸೀಸನ್ ಒಂದು ಮುಗಿಲಿ."

ಅವಳು ನನ್ನನ್ನೇ ನೋಡಿದಳು. ನಾನು ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸುತ್ತಲೇ ಇದ್ದೆ. ಒರೆಸಲು ಏನೂ ಉಳಿಯದಾಗ ಹೇಳಿದೆ.

"ಹೆದರಿಕೆ ಆಗ್ತದೆ ಅಕ್ಕ."

"ನಂಗೂ ಆಗಿತ್ತು," ಎಂದಳು. "ಕೇಳುವವರು ಇರ್ಲಿಲ್ಲ. ಹೊರಡು."